ಅಂಗುಲಕ್ಕಿಷ್ಟು

ಹೊಲಿಗೆ ಡಬ್ಬಿಯಿಂದ ಅಳತೆಪಟ್ಟಿ ತಂದಿದ್ದೇನೆ.
ಅಲುಗಾಡಬೇಡ ಅಂತ ನಿನಗೆ ಹೇಳಬೇಕಿಲ್ಲ.
ಲಂಗ ಹೊಲಿಸಿಕೊಳ್ಳಲು ಸ್ಟೂಲಿನ ಮೇಲೆ ನಿಂತ ಹುಡುಗಿಯ ಹಾಗೆ
ನೆತ್ತಿಯ ತುದಿಯನ್ನು ಒಂದಿಷ್ಟು ಓರೆ ಮಾಡಿ
ನಿಂತೇ ಇದ್ದೀಯ.
ಸ್ಪ್ರೂಸ್ ಆದರೆ ಈಟಿ, ನೆಟ್ಟಗೆ.
ಹೆಮ್ಲಾಕಿನ ಕುಡಿ ಮಾತ್ರ ಬಾಗುತ್ತದೆ,
ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದಂತೆ.

ಹನ್ನೆರಡು ವರ್ಷದ ಹಿಂದೆ, ಮಾರ್ಚಿನ ಹಸಿಯಲ್ಲಿ,
ತೊರೆಯಂಚಿನ ಕೊಳೆತ ದಿಮ್ಮಿಯ ಮೇಲೆ ನೀನು ಗೇಣುದ್ದ.
ಪಾಚಿ ಸಮೇತ ಎತ್ತಿ, ಹಾಲಿನ ಡಬ್ಬದಲ್ಲಿಟ್ಟು
ಶಾಲೆಯ ಬಸ್ಸಿನಲ್ಲಿ, ಗೇರಿನ ಪಕ್ಕ, ಮನೆಗೆ ತಂದೆ.
ಹಿಂದಿನ ಸೀಟಿನಿಂದ ಒಬ್ಬ ಕೂಗಿದ:
"ಮಿಸ್ ವರ್ನಾ, ಅದು ವಿಷ ಅಲ್ವಾ?"
ಹೆಸರಷ್ಟೇ ಒಂದು, ಮರೀ.
ಆ ವಿಷ ಬೇರೆ, ಅದು ಹೂಬಿಡುವ ಕಳೆ.
ಇದರ ಚಿಗುರು ಕುದಿಸಿ ನಮ್ಮಜ್ಜಿ
ಕೆಮ್ಮಿಗೆ ಕುಡಿಸುತ್ತಿದ್ದಳು.

ಮಧ್ಯಾಹ್ನದ ಬಿಸಿಲು ತಲುಪದ ಉತ್ತರದ ಮಗ್ಗುಲು,
ರಸ್ತೆಗೆ ಚೆಲ್ಲುವ ಹಿಮದುಪ್ಪು ಸಿಡಿಯದಷ್ಟು ದೂರ.
ಓಕ್ ಎಲೆಯ ಗೊಬ್ಬರ. ಬುಡ ಹೂಳದೆ
ಬೇರಿನ ಕುತ್ತಿಗೆ ಕಾಣುವಷ್ಟೇ ಮಣ್ಣು.
ಆರ್ವಿಲ್ ಬೇಲಿಯಾಚೆ ನಿಂತು ನಕ್ಕ:
"ಪೇಟೆಯಲ್ಲಿ ಸೈಪ್ರೆಸ್ ಸಿಗುತ್ತೆ,
ಐದು ವರ್ಷಕ್ಕೆ ಸೂರು ಮುಟ್ಟುತ್ತೆ.
ಇದು ನೆರಳು ಕೊಡೋದು ಯಾವ ಕಾಲಕ್ಕೆ?"
ನನಗಾಗ ಅರವತ್ತೊಂದು.
ಲೆಕ್ಕ ಅವನದೇ ಸರಿ.

ಎರಡು ಚಳಿಗಾಲ ಜಿಂಕೆ ನಿನ್ನನ್ನು ಮೇಯ್ದಿತು.
ಕೋಳಿಗೂಡಿನ ತಂತಿ ಸುತ್ತಿದೆ.
ಮೂರನೆಯ ವರ್ಷ ಹಟಕ್ಕೆ ಬಿದ್ದೆ, ನೀನೋ ನಾನೋ,
ಯಾರು ಅಂತ ಈಗ ನೆನಪಿಲ್ಲ.

ನಮ್ಮ ತಾತ ಈ ಬೆಟ್ಟದಲ್ಲೇ ತೊಗಟೆ ಸುಲಿಯುತ್ತಿದ್ದ.
ಮೇ ತಿಂಗಳಲ್ಲಿ ರಸವೇರಿದಾಗ
ಒದ್ದೆ ಅಂಗಿ ಕಳಚಿದಂತೆ ಬರುತ್ತಿತ್ತಂತೆ.
ತೊಗಟೆ ಗಾಡಿ ಹತ್ತಿತು, ತೊಗಲು ಹದಮಾಡುವ ಕಾರ್ಖಾನೆಗೆ.
ಮರ ಅಲ್ಲೇ ಬಿತ್ತು, ಬೆಳ್ಳಗೆ, ಬತ್ತಲೆ,
ಯಾರಿಗೂ ಬೇಡವಾಗಿ.
ಆ ತೊಗಲು ಎಷ್ಟು ಊರಿನ ಬೂಟಾಯಿತೋ.
ತಾತ ಮಾತ್ರ ಅಕ್ಟೋಬರಿನವರೆಗೆ ಬರಿಗಾಲು.

ಆ ಋಣ ತೀರಿಸಲೆಂದು ನಿನ್ನನ್ನು ನೆಟ್ಟೆ ಎನ್ನಲಾರೆ.
ಗೇಣುದ್ದದ ಗಿಡಕ್ಕೆ ಅಷ್ಟು ಭಾರ ಹೊರಿಸಬಾರದು.
ನಿಜ ಹೇಳಲೇ?
ಅಡುಗೆಮನೆಯ ಕಿಟಕಿಯಿಂದ
ಆರ್ವಿಲನ ಚಕ್ರವಿಲ್ಲದ ಟ್ರಕ್ಕು
ಕಾಣದಿರಲೆಂದು ನೆಟ್ಟೆ.

ಜನವರಿಯಲ್ಲಿ ಒಂದು ರೆಂಬೆ ತಿರುವಿ ನೋಡಿದೆ.
ಎಲೆಯಡಿ ಎರಡು ಬಿಳಿಗೆರೆ, ಅವು ನಿನ್ನವೇ, ಹುಟ್ಟಾ ಬಂದವು.
ಎಲೆ ಹುಟ್ಟುವ ಸಂದಿನಲ್ಲಿ ಮಾತ್ರ
ದಾರದ ಗಂಟಿನಷ್ಟು ಹತ್ತಿ. ಅದು ನಿನ್ನದಲ್ಲ.
ತಲೆಯೆತ್ತಿದರೆ ಬೆಟ್ಟದ ಮೇಲೆಲ್ಲ
ಅದೇ ಹತ್ತಿ ಹೀರಿ ನಿಲ್ಲಿಸಿದ ಬೂದು ಮರಗಳು,
ಮಾಂಸ ತಿಂದುಳಿದ ಮೀನಿನ ಮುಳ್ಳಿನಂತೆ.
ಆ ರಾತ್ರಿ ಕೊರೆಯುವ ಚಳಿ ಬರಲೆಂದು ಪ್ರಾರ್ಥಿಸಿದೆ,
ಹುಳು ಸಾಯುವಂಥ ಚಳಿ.
ನಲ್ಲಿಯ ಪೈಪು ಒಡೆಯಿತು.
ಹುಳು ಸಾಯಲಿಲ್ಲ.

ಇದೇ ಪಟ್ಟಿ ಹಿಡಿದು ಹೋಯ್ಟನ ಸೊಂಟ ಅಳೆಯುತ್ತಿದ್ದೆ.
ಅವನ ಕೊನೆಯ ಚಳಿಗಾಲ ಒಂದೇ ಪ್ಯಾಂಟಿಗೆ
ಮೂರು ಸಲ ಹೊಲಿಗೆ ಒಳಗೆ ಹಿಡಿದೆ.
ನಿನ್ನ ಸುತ್ತಳತೆ ಹದಿಮೂರು.
ಮೂರೂ ಚಿಲ್ಲರೆಯಿಂದ ಭಾಗಿಸಿದರೆ
ನಾಲ್ಕಂಗುಲ ದಪ್ಪ, ಮೇಲೊಂದು ಕೂದಲೆಳೆ.
ಏರುವ ಅಂಕಿ ಬರೆಯುವುದು
ಈ ಕೈಗೆ ಮರೆತೇ ಹೋಗಿತ್ತು.

ಉದುರೆಲೆ ಸರಿಸಿ ಬುಡದ ಸುತ್ತ ಮದ್ದು ಹುಯ್ಯಬೇಕು,
ನಿಧಾನ, ಮಣ್ಣು ಕುಡಿದಷ್ಟೇ.
ಕರೆಯದೆಯೇ ಆರ್ವಿಲ್ ಬಂದ, ಕೈಯಲ್ಲಿ ಬಕೆಟ್.
"ಎಷ್ಟು?"
ಅಂಗುಲಕ್ಕಿಷ್ಟು. ಮತ್ತೆ ಐದು ವರ್ಷಕ್ಕೆ.
ಐದು ವರ್ಷ. ಇಬ್ಬರೂ ಮನಸ್ಸಲ್ಲೇ
ತಂತಮ್ಮ ವಯಸ್ಸಿಗೆ ಕೂಡಿಸಿ
ಮಣ್ಣು ಹೀರುವ ಸದ್ದು ಕೇಳುತ್ತ ಕೂತೆವು.
ಆಮೇಲೆ ಅವನು ಬಕೆಟ್ ಬೋರಲು ಹಾಕಿ,
ತಳದ ತೂತು ಬೆರಳಿಂದ ಮುಟ್ಟಿ ನೋಡಿ,
"ಆಗ ದೊಡ್ಡದು ಬೇಕಾಗುತ್ತೆ" ಅಂದ.